ಆಳರಸರು ಹೋದರು, ಪದಗಳು ಉಳಿದುವು

ಪರಭಾಷೆಯ ಪದಗಳು ಹೊಕ್ಕರೆ ನುಡಿಯು ಕೆಡುವುದೆಂದು ಹಲವರು ಹೇಳುವರು. ಆಳಿದವರ ಪದಗಳನ್ನು ಬಳಸುವುದು ದಾಸ್ಯದ ಗುರುತೆಂದು ಬಗೆಯುವವರೂ ಉಂಟು. ಈ ಮಾತನ್ನು ಒಪ್ಪುವ ಮುನ್ನ ಇಂಡೊನೇಷ್ಯದ ಕಡೆಗೊಮ್ಮೆ ನೋಡುವುದು ಒಳಿತೆಂದು ನಮಗೆ ತೋರುತ್ತದೆ.

ಆ ದ್ವೀಪಗಳಿಗೆ ಡಚ್ಚರು ಬಂದುದು ವ್ಯಾಪಾರಕ್ಕೆ, ನೆಲೆನಿಂತುದು ಅಧಿಕಾರಕ್ಕೆ. 1928ರಲ್ಲಿ ಅಲ್ಲಿಯ ತರುಣರು, ಮಲಯ ಭಾಷೆಯ ತಳಹದಿಯ ಮೇಲೆ ಬೆಳೆದ ಇಂಡೊನೇಷ್ಯನ್ ಭಾಷೆಯೇ ತಮ್ಮ ಐಕ್ಯದ ನುಡಿಯೆಂದು ಸಾರಿದರು. 1942ರಲ್ಲಿ ದ್ವೀಪಗಳನ್ನು ಹಿಡಿದ ಜಪಾನೀಯರು ಡಚ್ ಭಾಷೆಯ ಬಳಕೆಯನ್ನು ನಿಷೇಧಿಸಿದರು. 1945ರಲ್ಲಿ ಸ್ವಾತಂತ್ರ್ಯದ ಘೋಷಣೆಯಾಯಿತು. ಡಚ್ಚರು ಹೋದರು, ಅವರ ಪದಗಳು ಹೋಗಲಿಲ್ಲ.

ಇಂದಿಗೂ ಅಲ್ಲಿ ಕಚೇರಿಯು ‘ಕಾಂತೋರ್’, ಟವೆಲು ‘ಹಾಂದುಕ್’, ಔಷಧದಂಗಡಿ ‘ಅಪೋತೆಕ್’. ಅಂಗಡಿ ಎಂಬರ್ಥದ ಡಚ್ಚಿನ ‘ವಿಂಕೆಲ್’ ಪದವು ‘ಬೆಂಗ್ಕೆಲ್’ ಆಗಿ, ವಾಹನಗಳನ್ನು ದುರಸ್ತಿ ಮಾಡುವ ಶಾಲೆಯ ಹೆಸರಾಯಿತು. ತಿರುಪುಮೊಳೆಯ ‘ಸ್ಖ್ರೂಫ್’ ‘ಸೆಕ್ರುಪ್’ ಆಯಿತು: ಒತ್ತಕ್ಷರವು ಬಿಡಿಸಿಕೊಂಡಿತು, ಕೊನೆಯ ‘ಫ್’ ‘ಪ್’ ಆಯಿತು. ನಮ್ಮ ಹಳ್ಳಿಗರು ‘ಸ್ಕೂಲ’ನ್ನು ‘ಇಸ್ಕೂಲು’ ಮಾಡಿಕೊಂಡುದೂ ಇಂಥದೇ ಅಲ್ಲವೆ? ಬ್ರೇಕಿಗೆ ‘ರೆಮ್’ ಎನ್ನುವ ಆ ಜನರು, ತಮ್ಮ ವ್ಯಾಕರಣದ ಪ್ರತ್ಯಯವನ್ನು ಹಚ್ಚಿ ಬ್ರೇಕು ಹಾಕುವುದನ್ನು ‘ಮೆಂಗೆರೆಮ್’ ಎನ್ನುವರು. ಪದವು ಎರವಲು, ವ್ಯಾಕರಣವು ಸ್ವಂತದ್ದು.

ವಿಜ್ಞಾನದ ಪದಗಳ ಕಥೆ ಇನ್ನೂ ಬೋಧಪ್ರದವಾದುದು. ಡಚ್ಚರು ಆಮ್ಲಜನಕವನ್ನು ‘ಹುಳಿಯ ದ್ರವ್ಯ’ ಎಂಬರ್ಥ ಬರುವಂತೆ ಕರೆದರು. ಇಂಡೊನೇಷ್ಯದವರು ಅದನ್ನು ಅರ್ಥಾನುಸಾರವಾಗಿ ‘ಜಾತ್ ಆಸಾಮ್’ ಎಂದು ಅನುವಾದಿಸಿದರು. ಸ್ವದೇಶಿಯಾಗಿ ತೋರುವ ಈ ಪದದಲ್ಲಿಯೂ ‘ಜಾತ್’ ಎಂಬುದು ಅರಬ್ಬಿಯಿಂದ ಬಂದುದು! ಅಷ್ಟೇ ಅಲ್ಲ, ಆಮ್ಲಗಳೆಲ್ಲವೂ ಈ ಅನಿಲದಿಂದಲೇ ಹುಟ್ಟುವುವೆಂಬ ಲವಾಸಿಯೆಯ ಕಾಲದ ತಪ್ಪು ಕಲ್ಪನೆಯನ್ನೂ ಅದು ಹೊತ್ತು ತಂದಿತು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ನಮ್ಮ ‘ಆಮ್ಲಜನಕ’ ಪದದಲ್ಲಿಯೂ ಇದೇ ದೋಷವುಂಟು. ಮೂಲ ಗ್ರೀಕ್ ಧಾತುಗಳಲ್ಲಿಯೂ ಅದು ಇದೆಯಾದರೂ, ಇಂದು ಅಲ್ಲಿ ರೂಢಿಯಲ್ಲಿರುವ ‘ಒಕ್ಸಿಗೆನ್’ ಎಂಬ ಹೆಸರು ಎಳೆಯ ವಿದ್ಯಾರ್ಥಿಯನ್ನು ದಾರಿ ತಪ್ಪಿಸದು.

ಹಾಗೆಂದು ಹೊಸ ಪದಗಳನ್ನು ಕಟ್ಟಬಾರದೆಂದು ನಾವು ಹೇಳುತ್ತಿಲ್ಲ. ಗಣಕಯಂತ್ರಕ್ಕೆ ದೂರದಿಂದ ಮಾಹಿತಿಯನ್ನು ಇಳಿಸಿಕೊಳ್ಳುವುದಕ್ಕೆ ಇಂಡೊನೇಷ್ಯದವರು, ಹಣ್ಣು ಕೀಳುವುದೆಂಬರ್ಥದ ಜಾವಾ ಭಾಷೆಯ ‘ಉಂಡುಹ್’ ಪದವನ್ನು ತಂದಿರುವರು. ಎಷ್ಟು ಸೊಗಸಾದ ಆಯ್ಕೆ! ಎರವಲು ಅವರ ಸೃಷ್ಟಿಶಕ್ತಿಯನ್ನು ಕುಂದಿಸಲಿಲ್ಲ.

ಆದುದರಿಂದ ಪದದ ಕುಲವನ್ನು ಕೇಳುವುದಕ್ಕಿಂತ ಅದರ ಗುಣವನ್ನು ಪರೀಕ್ಷಿಸುವುದು ಮೇಲು. ಅದು ನಾಲಗೆಗೆ ಒಗ್ಗುವುದೆ? ನಮ್ಮ ಪ್ರತ್ಯಯಗಳಿಗೆ ಒಲಿಯುವುದೆ? ವಿಷಯವನ್ನು ತಿಳಿಯಾಗಿಸುವುದೆ? ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲಿರುವ ಇಂದಿನ ವಿದ್ಯಾರ್ಥಿಗಳು ಈ ಮೂರು ಪ್ರಶ್ನೆಗಳನ್ನು ಮರೆಯದಿರಲಿ.