ನೀರೆರೆಯುವ ಕೈಗೆ ಬೇಕಾದ ವಿವೇಕ

2023ರ ಮುಂಗಾರು ಕೈಕೊಟ್ಟ ತರುವಾಯ, 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡಿನ ವಸತಿ ಸಮುಚ್ಚಯಗಳು ಟ್ಯಾಂಕರಿನ ಹಾದಿ ಕಾಯುತ್ತಿದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕಾಗಲಿ ವಾಹನ ತೊಳೆಯುವುದಕ್ಕಾಗಲಿ ಬಳಸಕೂಡದೆಂದೂ, ಬಳಸಿದವರು 5,000 ರೂಪಾಯಿ ದಂಡ ತೆರತಕ್ಕದ್ದೆಂದೂ ಜಲಮಂಡಳಿಯು ಆಜ್ಞೆ ಹೊರಡಿಸಿದ್ದುದು ನಾಗರಿಕರ ನೆನಪಿನಿಂದ ಇನ್ನೂ ಮಾಸಿಲ್ಲ. ನೀರಿನ ಬೆಲೆಯನ್ನು ಅಷ್ಟು ನಿಷ್ಠುರವಾಗಿ ಕಲಿತ ಇದೇ ಪ್ರದೇಶದಲ್ಲಿ, ಕಚೇರಿಗಳ ಗಾಜಿನ ಗೋಡೆಗಳ ಬದಿಯಲ್ಲಿಯೂ ಮನೆಗಳ ಹಜಾರಗಳಲ್ಲಿಯೂ ಅಕ್ಕರೆಯಿಂದ ತಂದಿರಿಸಿದ ಗಿಡಗಳು ನೀರು ಮಿತಿಮೀರಿ, ಬೇರು ಕೊಳೆತು ಸಾಯುತ್ತಿರುವುದು ವಿಷಾದದ ಸಂಗತಿ. ಬೇರುಕೊಳೆಯನ್ನು ಔಷಧಿಯಿಂದಲೇ ಗೆಲ್ಲಬಹುದೆಂಬ ನಂಬಿಕೆಯನ್ನು ತೊರೆದು, ನಾವು ನೀರೆರೆಯುವ ಕ್ರಮವನ್ನೇ ತಿದ್ದಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಮನೆಯೊಳಗೆ ಬೆಳೆಸುವ ಸಸ್ಯಗಳಲ್ಲಿ ಹೆಚ್ಚಿನವು ಉಷ್ಣವಲಯದ ಅರಣ್ಯಗಳಿಂದ ಬಂದವು. ಮಾನ್‌ಸ್ಟೆರಾ ಎಂಬ ಸೀಳೆಲೆಯ ಬಳ್ಳಿಯ ತವರು ದಕ್ಷಿಣ ಮೆಕ್ಸಿಕೋದಿಂದ ಪನಾಮದವರೆಗಿನ ಕಾಡು. ಮನಿ ಪ್ಲಾಂಟ್ ಎಂದು ನಾವು ಕರೆಯುವ ಬಳ್ಳಿಯದು ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ. ಮರದ ತೊಗಟೆಯನ್ನು ತಬ್ಬಿ, ತರಗೆಲೆಯ ಸಡಿಲ ಹಾಸಿನಲ್ಲಿ ಬೇರನ್ನಿಳಿಸಿ ಬೆಳೆಯುವ ಈ ಬಳ್ಳಿಗಳಿಗೆ ಮಳೆಯೇನೋ ಧಾರಾಳವಾಗಿ ದೊರೆಯುತ್ತದೆ. ಆದರೆ ಬಿದ್ದ ನೀರು ನಿಲ್ಲದೆ ಹರಿದುಹೋಗಿ, ಅದರ ಬೆನ್ನಿಗೇ ಗಾಳಿಯೂ ಬೇರನ್ನು ಮುಟ್ಟುತ್ತದೆ. ಬೇರು ಉಸಿರಾಡತಕ್ಕ ಅಂಗವೆಂಬುದನ್ನು ನಾವು ಮರೆತೆವಾದರೆ ಗಿಡಸಾಕಣೆಯ ಮೂಲಪಾಠವನ್ನೇ ಮರೆತಂತೆ. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿಹೋದಾಗ ಆಮ್ಲಜನಕವಿಲ್ಲದೆ ಬೇರಿನ ಜೀವಕೋಶಗಳು ನಿಶ್ಶಕ್ತವಾಗುತ್ತವೆ. ಆ ಸಮಯವನ್ನೇ ಕಾಯುತ್ತಿದ್ದ ಪಿಥಿಯಮ್, ಫೈಟೊಫ್ತೊರ ಮೊದಲಾದ ಸೂಕ್ಷ್ಮಜೀವಿಗಳು, ನೀರಿನಲ್ಲಿ ಈಜಬಲ್ಲ ತಮ್ಮ ಬೀಜಕಣಗಳನ್ನು ಹರಡಿ, ಆ ದುರ್ಬಲವಾದ ಬೇರುಗಳನ್ನು ಆಕ್ರಮಿಸುತ್ತವೆ.

ಈ ವ್ಯಾಧಿಯ ಅತ್ಯಂತ ವಂಚಕವಾದ ಲಕ್ಷಣವೆಂದರೆ ಅದು ಬಾಯಾರಿಕೆಯ ವೇಷದಲ್ಲಿ ಕಾಣಿಸಿಕೊಳ್ಳುವುದು. ಕೊಳೆತ ಬೇರಿಗೆ ನೀರೆಳೆಯುವ ಶಕ್ತಿಯಿರುವುದಿಲ್ಲವಾದ್ದರಿಂದ ಎಲೆ ಹಳದಿಯಾಗಿ ಜೋಲುಬೀಳುತ್ತದೆ. ಜೋತ ಎಲೆಯನ್ನು ಕಂಡು ಮರುಕಗೊಂಡವರು ಇನ್ನೊಂದು ಚೊಂಬು ನೀರು ಸುರಿಯುತ್ತಾರೆ. ಅವರ ಮರುಕವೇ ಗಿಡಕ್ಕೆ ಮೃತ್ಯುವಾಗುತ್ತದೆ.

ಈ ಶತ್ರು ಕರ್ನಾಟಕಕ್ಕೆ ಅಪರಿಚಿತವೇನೂ ಅಲ್ಲ. ಮಲೆನಾಡಿನ ಅಡಿಕೆ ತೋಟಗಳನ್ನು ಮಳೆಗಾಲದಲ್ಲಿ ಕಾಡುವ ಕೊಳೆರೋಗವೂ, ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಶೀಘ್ರ ಸೊರಗು ರೋಗವೂ ಫೈಟೊಫ್ತೊರ ಕುಲದ ಜೀವಿಗಳ ಕೃತ್ಯಗಳೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಕೂಲಂಕಷವಾಗಿ ಅಭ್ಯಸಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿ, ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಿಗೆ ಬೋಧಿಸಿದರು. ಆ ದ್ರಾವಣವು ರೋಗ ತಗಲುವ ಮುನ್ನ ಕಾಯುವುದೇ ಹೊರತು ಕೊಳೆತ ಕಾಯನ್ನು ಬದುಕಿಸದು. ಆದಕಾರಣವೇ ಮಲೆನಾಡಿನ ಕೃಷಿಕನು ಮಳೆ ಹಿಡಿಯುವುದಕ್ಕೆ ಮೊದಲೇ ಅಡಿಕೆಯ ಗೊನೆಗಳಿಗೆ ಔಷಧಿ ಹೊಡೆಸುತ್ತಾನೆ, ತೋಟದ ಬಸಿಗಾಲುವೆಗಳ ಹೂಳು ತೆಗೆಸುತ್ತಾನೆ. ನೀರಿಗೆ ಹೊರಹೋಗುವ ದಾರಿಯನ್ನು ಮೊದಲು ಮಾಡು, ಮಿಕ್ಕಿದ್ದೆಲ್ಲ ಆಮೇಲೆ ಎಂಬ ಆತನ ಅನುಭವವನ್ನು ಎಲೆಕ್ಟ್ರಾನಿಕ್ ಸಿಟಿಯ ಹತ್ತನೆಯ ಅಂತಸ್ತಿನಲ್ಲಿ ಗಿಡ ಸಾಕುವವರೂ ಶಿರಸಾವಹಿಸತಕ್ಕದ್ದು.

ರೋಗ ಹತ್ತಿದ ಗಿಡವನ್ನು ಉಳಿಸಲು ಸಾಧ್ಯವೇ ಇಲ್ಲವೆಂದಲ್ಲ. ಗಿಡವನ್ನು ಕುಂಡದಿಂದ ಮೆಲ್ಲನೆ ಹೊರತೆಗೆದು, ಬೇರನ್ನು ಹರಿಯುವ ನೀರಿನಲ್ಲಿ ತೊಳೆದು ನೋಡಿದರೆ, ಆರೋಗ್ಯವಂತ ಬೇರು ಸಾಮಾನ್ಯವಾಗಿ ಬೆಳ್ಳಗೆ ಗಟ್ಟಿಯಾಗಿರುವುದೂ, ಕೊಳೆತದ್ದು ಕಂದಾಗಿ ಮೆತ್ತಗಾಗಿ ದುರ್ವಾಸನೆ ಬೀರುವುದೂ, ಬೆರಳಿನಿಂದ ಎಳೆದಾಗ ಅದರ ಸಿಪ್ಪೆ ಕಳಚಿ ಒಳಗಿನ ಎಳೆಯೊಂದೇ ಉಳಿಯುವುದೂ ಸ್ಪಷ್ಟವಾಗಿ ತಿಳಿಯುತ್ತದೆ. ಸ್ಪಿರಿಟಿನಿಂದ ಒರೆಸಿದ ಕತ್ತರಿಯಿಂದ ಕೊಳೆತ ಭಾಗವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ, ಹಳೆಯ ಮಣ್ಣನ್ನು ಎಸೆದು, ಉಳಿದ ಬೇರಿನ ಗಾತ್ರಕ್ಕೆ ತಕ್ಕ ಸಣ್ಣ ಕುಂಡದಲ್ಲಿ ಹೊಸ ಮಿಶ್ರಣದಲ್ಲಿ ನೆಟ್ಟು, ನೇರ ಬಿಸಿಲು ಬೀಳದ ಒಳ್ಳೆಯ ಬೆಳಕಿನಲ್ಲಿರಿಸಬೇಕು. ಹೊಸ ಚಿಗುರು ಮೂಡುವವರೆಗೆ ಗೊಬ್ಬರ ಕೊಡಬಾರದು. ಬೇರುಗಳೆಲ್ಲ ಕೊಳೆತುಹೋಗಿದ್ದರೆ, ಮನಿ ಪ್ಲಾಂಟ್, ಮಾನ್‌ಸ್ಟೆರಾಗಳಂಥ ಬಳ್ಳಿಗಳಲ್ಲಿ ಗೆಣ್ಣಿರುವ ಆರೋಗ್ಯವಂತ ತುಂಡೊಂದನ್ನು ಕತ್ತರಿಸಿ ಹೊಸದಾಗಿ ಬೇರು ಬರಿಸುವುದೇ ಲೇಸು. ಶಿಲೀಂಧ್ರನಾಶಕದ ಪೊಟ್ಟಣವಾಗಲಿ, ಗಾಯಕ್ಕೆ ಹಚ್ಚುವ ಅರಿಸಿನವಾಗಲಿ ಸತ್ತ ಬೇರಿಗೆ ಜೀವ ಕೊಡಲಾರದು.

ನಿವಾರಣೋಪಾಯಗಳಲ್ಲಿ ಪ್ರಥಮಸ್ಥಾನ ಕುಂಡದ ತಳದ ತೂತಿಗೆ ಸಲ್ಲತಕ್ಕದ್ದು. ತೂತಿಲ್ಲದ ಪಿಂಗಾಣಿ ಪಾತ್ರೆ ಎಷ್ಟೇ ಸುಂದರವಾಗಿದ್ದರೂ ಅದನ್ನು ಹೊರಕವಚವಾಗಿ ಮಾತ್ರ ಬಳಸಿ, ಒಳಗೆ ತೂತುಳ್ಳ ಕುಂಡವನ್ನಿರಿಸಿ, ಬಸಿದ ನೀರನ್ನು ಆಗಿಂದಾಗ್ಗೆ ಚೆಲ್ಲಬೇಕು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುವುದೆಂಬ ನಂಬಿಕೆ ಬಹುಕಾಲದ್ದಾದರೂ ಸರಿಯಲ್ಲ. ನುಣ್ಣನೆಯ ಮಣ್ಣು ತನ್ನ ತೇವವನ್ನು ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡದೆ ಬೇರಿನ ಸಮೀಪದಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಜೇಡಿ ಬೆರೆತ ನಮ್ಮ ಕೆಮ್ಮಣ್ಣನ್ನೇ ಕುಂಡಕ್ಕೆ ಒತ್ತಿ ತುಂಬಿದರೆ ಅದು ಕಾಲಕ್ರಮದಲ್ಲಿ ಗಟ್ಟಿಕಟ್ಟಿ ಗಾಳಿಯನ್ನು ತಡೆಯುವುದರಿಂದ, ತೆಂಗಿನ ನಾರಿನ ಪುಡಿ, ಸುಟ್ಟ ಭತ್ತದ ಹೊಟ್ಟು, ದಪ್ಪ ಮರಳು, ಇದ್ದಿಲ ಚೂರು ಮೊದಲಾದವುಗಳನ್ನು ಬೆರೆಸಿ ಮಿಶ್ರಣವನ್ನು ಸಡಿಲಗೊಳಿಸಬೇಕು. ಪೀಣ್ಯದಿಂದ ಬಹಳ ದೂರವಲ್ಲದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ನಾರಿನ ಪುಡಿಯನ್ನು ಹುದುಗಿಸಿ ಹದಗೊಳಿಸುವ ವಿಧಾನವನ್ನೂ ರೂಪಿಸಿದೆ. ಇನ್ನು ನೀರಿನ ಅಳತೆಗೆ ಬೆರಳಿಗಿಂತ ಉತ್ತಮವಾದ ಉಪಕರಣವಿಲ್ಲ: ಎರಡು ಗೆಣ್ಣಿನಷ್ಟು ಆಳದಲ್ಲಿ ಮಣ್ಣು ಒಣಗಿದ್ದರೆ ಎರೆಯಬೇಕು, ತೇವವಿದ್ದರೆ ಕೈ ತಡೆಯಬೇಕು. ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಝಡ್‌ಝಡ್ ಗಿಡಕ್ಕಾದರೋ ಕುಂಡದ ಮಣ್ಣೆಲ್ಲ ಒಣಗುವವರೆಗೂ ಕಾಯತಕ್ಕದ್ದು.

ಆದರೆ ಟೆಕ್ ಪಾರ್ಕುಗಳಲ್ಲಿ ಈ ನಿರ್ಣಯವನ್ನು ಮಾಡತಕ್ಕವರು ಯಾರು? ದೀಪದ ಬೆಳಕಿನಲ್ಲಿಯೇ ದಿನ ಕಳೆಯುವ ಗಿಡ ಅಲ್ಪವಾಗಿ ಬೆಳೆದು ಅಲ್ಪವಾಗಿ ನೀರು ಕುಡಿಯುತ್ತದೆ. ಕಿಟಕಿಯ ಪಕ್ಕದ್ದು ಹೆಚ್ಚು ಬೇಡುತ್ತದೆ. ಮಳೆ ಹಿಡಿದ ತಿಂಗಳುಗಳಲ್ಲಿ ಬಾಲ್ಕನಿಯದಕ್ಕೆ ನೀರೇ ಬೇಕಾಗದಿರಬಹುದು. ಎಲ್ಲವಕ್ಕೂ ಒಂದೇ ದಿನ ಒಂದೇ ಅಳತೆಯಲ್ಲಿ ಎರೆಯಬೇಕೆಂದು ವೇಳಾಪಟ್ಟಿಯಲ್ಲಿ ಬರೆದು, ಎರೆಯದಿದ್ದುದನ್ನು ಕರ್ತವ್ಯಲೋಪವೆಂದು ಎಣಿಸುವ ಕಡೆಯಲ್ಲಿ, ಮಣ್ಣಿನ ಹದವನ್ನು ಬಲ್ಲ ಮಾಲಿಯೂ ತನ್ನ ತಿಳಿವಳಿಕೆಯನ್ನು ಬದಿಗಿರಿಸಿ ನೀರು ಸುರಿಯಲೇಬೇಕಾಗುತ್ತದೆ. ಗುತ್ತಿಗೆಯ ಕರಾರಿನಲ್ಲಿ ನೀರೆರೆದ ದಿನಗಳ ಲೆಕ್ಕವನ್ನು ಕೈಬಿಟ್ಟು, ಉಳಿದು ಬೆಳೆದ ಗಿಡಗಳ ಲೆಕ್ಕವನ್ನು ಕೇಳುವುದು ನ್ಯಾಯ. ಹಾಗೆಯೇ ಗಿಡ ಮಾರುವ ನರ್ಸರಿಗಳು ಪ್ರತಿಯೊಂದು ಕುಂಡದೊಡನೆಯೂ ಅದರ ಬೆಳಕು, ನೀರು, ಮಣ್ಣುಗಳ ವಿವರವನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಕೊಡುವುದು ವ್ಯಾಪಾರಧರ್ಮ.

ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಮೇಲೇರಿ ಈ ನಗರಕ್ಕೆ ಬರುತ್ತದೆ. ಅಷ್ಟು ಶ್ರಮದಿಂದ ಬಂದ ನೀರು ಗಿಡವೊಂದನ್ನು ಕೊಲ್ಲುವುದಕ್ಕೆ ವಿನಿಯೋಗವಾಗಬಾರದು. ಆದುದರಿಂದ ವ್ಯವಸ್ಥಾಪಕರು ಮಾಲಿಗೆ ವೇಳಾಪಟ್ಟಿಯ ಬದಲು ಅಧಿಕಾರವನ್ನು ಕೊಡಲಿ. ಗೃಹಸ್ಥರು ಚೊಂಬನ್ನು ಎತ್ತುವುದಕ್ಕೆ ಮೊದಲು ಮಣ್ಣನ್ನು ಮುಟ್ಟಿ ನೋಡಲಿ.