ದೇವವಚನವು ಕರೆಗಂಟೆಯಲ್ಲ

ಮೊಬೈಲ್ ಫೋನಿನ ಆರಂಭದ ದಿನಗಳಲ್ಲಿ ಅದರ ಕರೆಗಂಟೆ ಯಾವುದಿರಬೇಕೆಂಬುದನ್ನು ತಯಾರಕರೇ ನಿರ್ಧರಿಸುತ್ತಿದ್ದರು. ನೋಕಿಯಾ ಫೋನುಗಳ ಚಿರಪರಿಚಿತ ನಾದವು ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ರಚಿಸಿದ ಕೃತಿಯೊಂದರ ತುಣುಕು. ಇಂದು ಆ ನಿರ್ಧಾರ ಬಳಕೆದಾರನ ಕೈಗೆ ಬಂದಿದೆ. ಆಂಡ್ರಾಯ್ಡ್ ಫೋನಿನಲ್ಲಿರುವ ಎಂಪಿ3 ಕಡತವನ್ನು ಬೇಕಾದಷ್ಟಕ್ಕೆ ಕತ್ತರಿಸಿ, ರಿಂಗ್‌ಟೋನ್ಸ್ ಎಂಬ ಫೋಲ್ಡರಿನಲ್ಲಿರಿಸಿ, ಸೆಟ್ಟಿಂಗ್ಸ್‌ನ ಧ್ವನಿ ವಿಭಾಗದಲ್ಲಿ ಆರಿಸಿಕೊಂಡರೆ ಸಾಕು. ಐಫೋನಿನಲ್ಲಾದರೆ ಗ್ಯಾರೇಜ್‌ಬ್ಯಾಂಡ್ ಆ್ಯಪ್‌ನ ಮೂಲಕ 30 ಸೆಕೆಂಡಿನೊಳಗಿನ ತುಣುಕನ್ನು ರಿಂಗ್‌ಟೋನ್ ಆಗಿಸಬಹುದು. ಶಾಲಾ ಬಾಲಕನೂ ನಿಮಿಷಗಳಲ್ಲಿ ಮಾಡಿ ಮುಗಿಸುವ ಕೆಲಸವಿದು.

ಈ ಸೌಲಭ್ಯದ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಆ ಕತ್ತರಿಗೆ ಸಿಲುಕುತ್ತಿರುವ ವಸ್ತುವಿನ ಬಗ್ಗೆ. ಸಿನಿಮಾ ಹಾಡಿನ ಬದಲು ಪುಣ್ಯದ ಧ್ವನಿಯಿರಲಿ ಎಂಬ ಸದಾಶಯದಿಂದ ಅನೇಕರು ಪವಿತ್ರ ಕುರ್‌ಆನಿನ ಪಾರಾಯಣವನ್ನು, ಅದಾನನ್ನು ಕರೆಗಂಟೆಯಾಗಿಸಿಕೊಂಡಿದ್ದಾರೆ. ಅವರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಪ್ರೀತಿಗೂ ಒಂದು ಅದಬ್ ಇದೆ.

ಕರೆಗಂಟೆಯ ಸ್ವಭಾವವನ್ನೊಮ್ಮೆ ಯೋಚಿಸೋಣ. ಅದು ಮೊಳಗುವುದೇ ನಿಲ್ಲಿಸಲ್ಪಡುವುದಕ್ಕಾಗಿ. ಬೇಗನೆ ನಿಲ್ಲಿಸಿದಷ್ಟೂ ಅದರ ಉದ್ದೇಶ ಸಫಲ. ಕುರ್‌ಆನಿನ ವಿಷಯದಲ್ಲಿ ಅಲ್ಲಾಹನ ಆಜ್ಞೆ ಇದಕ್ಕೆ ತದ್ವಿರುದ್ಧವಾಗಿದೆ. ಅದನ್ನು ಓದಲಾಗುವಾಗ ಕಿವಿಗೊಟ್ಟು ಆಲಿಸಬೇಕು, ಮೌನವಾಗಿರಬೇಕು ಎಂದು ಅಲ್-ಅಅರಾಫ್ ಅಧ್ಯಾಯದ 204ನೇ ಸೂಕ್ತವು ನಿರ್ದೇಶಿಸುತ್ತದೆ. ಆಲಿಸಲೆಂದು ಬಂದ ವಚನವನ್ನು ಬಾಯಿ ಮುಚ್ಚಿಸಬೇಕಾದ ಸದ್ದಾಗಿ ಪರಿವರ್ತಿಸುವುದು ಗೌರವವೇ?

ಅರ್ಥಕ್ಕೆ ಒದಗುವ ಹಾನಿ ಇನ್ನೂ ಗಂಭೀರ. ನಿಧಾನ ಪಾರಾಯಣದಲ್ಲಿ ಆಯತುಲ್ ಕುರ್ಸಿಯು 30 ಸೆಕೆಂಡಿನೊಳಗೆ ಮುಗಿಯದು. ಅಂದರೆ ಗಂಟೆ ಸಿದ್ಧವಾಗುವಾಗಲೇ ವಚನ ತುಂಡಾಗಿರುತ್ತದೆ. ಉಳಿದುದನ್ನು ಕರೆ ಸ್ವೀಕರಿಸುವ ಬೆರಳು ತುಂಡರಿಸುತ್ತದೆ. ಅದಾನಿನ ಕೊನೆಯ ವಾಕ್ಯವನ್ನೇ ನೋಡಿರಿ. 'ಲಾ ಇಲಾಹ' ಎಂಬಲ್ಲಿ ಬೆರಳು ಒತ್ತಿದರೆ ಉಳಿಯುವುದು 'ಯಾವ ಆರಾಧ್ಯನೂ ಇಲ್ಲ' ಎಂಬ ನಿರಾಕರಣೆ ಮಾತ್ರ. 'ಇಲ್ಲಲ್ಲಾಹ್' ಎಂಬ ದೃಢೀಕರಣವು ಯಾರದೋ 'ಹಲೋ'ದಲ್ಲಿ ಮುಳುಗಿಹೋಗುತ್ತದೆ. ತೌಹೀದಿನ ವಾಕ್ಯವನ್ನು ಇಂತಹ ಆಕಸ್ಮಿಕಕ್ಕೆ ಒಡ್ಡುವ ಹಕ್ಕನ್ನು ನಮಗೆ ಕೊಟ್ಟವರಾರು?

ಅದಾನ್ ಒಂದು ಮಧುರ ಧ್ವನಿಯಷ್ಟೇ ಅಲ್ಲ, ಅದೊಂದು ಘೋಷಣೆ. ಮದೀನಾದಲ್ಲಿ ಹಝ್ರತ್ ಬಿಲಾಲ್(ರ) ಅವರ ಕಂಠದಿಂದ ಹೊರಟಂದಿನಿಂದ ಅದಕ್ಕೆ ಇರುವ ಅರ್ಥ, ನಮಾಝಿನ ವೇಳೆಯಾಗಿದೆ ಬನ್ನಿರಿ ಎಂದು. ಸಾಲ ಕೇಳುವವನ ಕರೆಗೂ ಬ್ಯಾಂಕಿನ ಜಾಹೀರಾತಿಗೂ ಅದೇ ಮೊಳಗಿದರೆ ಮಕ್ಕಳ ಕಿವಿಯಲ್ಲಿ ಆ ಕರೆಗೆ ಯಾವ ಬೆಲೆ ಉಳಿದೀತು? ರಮಝಾನಿನ ಸಂಜೆ ಖರ್ಜೂರ ಹಿಡಿದು ಕುಳಿತ ಮನೆಯಲ್ಲಿ, ಸೂರ್ಯಾಸ್ತಕ್ಕೆ ಐದು ನಿಮಿಷವಿರುವಾಗ ಈ ಗಂಟೆ ಮೊಳಗಿದರೆ ದಿನವಿಡೀ ಹಸಿದ ಒಬ್ಬರ ಉಪವಾಸವೇ ಕೆಟ್ಟೀತು. ಶೌಚಾಲಯದಲ್ಲಿ ಜೇಬಿನೊಳಗಿಂದ ದೇವವಚನ ಮೊಳಗುವ ಸಂದರ್ಭವನ್ನಂತೂ ವಿವರಿಸಬೇಕಿಲ್ಲ.

'ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆಯಲ್ಲವೇ?' ಎಂದು ಕೆಲವರು ವಾದಿಸುವರು. ನಿಜ. ಆದರೆ ಸದುದ್ದೇಶವು ಅನುಚಿತ ವಿಧಾನವನ್ನು ಉಚಿತಗೊಳಿಸದು. ಒಳ್ಳೆಯ ಸಂಕಲ್ಪದಿಂದಲೇ ಆದರೂ ಮುಸ್‌ಹಫನ್ನು ಬಾಗಿಲಿಗೆ ಒತ್ತಾಗಿ ಯಾರೂ ಇಡುವುದಿಲ್ಲ. ಈಜಿಪ್ಟಿನ ಅಂದಿನ ಗ್ರ್ಯಾಂಡ್ ಮುಫ್ತಿ ಅಲಿ ಜುಮಾ ಅವರು 2010ರಲ್ಲಿ ಕುರ್‌ಆನ್ ಸೂಕ್ತಗಳನ್ನು ರಿಂಗ್‌ಟೋನ್ ಆಗಿಸುವುದನ್ನು ವಿರೋಧಿಸಿ ಫತ್ವಾ ನೀಡಿದುದೂ ಈ ಗೌರವದ ರಕ್ಷಣೆಗಾಗಿಯೇ.

'ಹಾಗಾದರೆ ಸಿನಿಮಾ ಹಾಡೇ ಆಗಲಿ' ಎಂಬುದು ಇದಕ್ಕೆ ಉತ್ತರವಲ್ಲ. ಸಂಗೀತದ ಕುರಿತ ವಿದ್ವಾಂಸರ ಚರ್ಚೆಯನ್ನು ಇಲ್ಲಿ ತೆರೆಯುವ ಅಗತ್ಯವೂ ಇಲ್ಲ. ಫೋನಿನೊಂದಿಗೇ ಬಂದ ಸರಳ ಗಂಟೆಯಿದೆ. ಸ್ವಂತದ್ದೇ ಬೇಕೆಂದರೆ ಮಳೆಯ ಸದ್ದನ್ನೋ ಹಕ್ಕಿಯ ಕೂಗನ್ನೋ 'ಅಬ್ಬಾ, ಫೋನ್ ಬಂದಿದೆ' ಎಂಬ ಮಗುವಿನ ಮಾತನ್ನೋ ಫೋನಿನ ರೆಕಾರ್ಡರಿನಲ್ಲಿ ಹಿಡಿದು ಅದೇ ವಿಧಾನದಿಂದ ಗಂಟೆಯಾಗಿಸಬಹುದು. ಅದು ಅರ್ಧಕ್ಕೆ ತುಂಡಾದರೆ ಯಾರ ವಿಶ್ವಾಸಕ್ಕೂ ನೋವಿಲ್ಲ.

ಮಸೀದಿಯ ಹೊಸ್ತಿಲಲ್ಲಿ ಮಾತ್ರ ಯಾವ ಗಂಟೆಯೂ ಬೇಡ. ಮರೆತು ಮೊಳಗಿತೆಂದಾದರೆ, ನಮಾಝ್ ಕೆಟ್ಟೀತೆಂಬ ಭಯದಿಂದ ಅದನ್ನು ಕೊನೆಯವರೆಗೂ ಮೊಳಗಲು ಬಿಡಬೇಡಿರಿ. ಅಲ್ಪ ಚಲನೆಯಿಂದ ನಮಾಝ್ ಅಸಿಂಧುವಾಗದೆಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ಒಂದೇ ಕೈಯಿಂದ ಅದನ್ನು ಸ್ತಬ್ಧಗೊಳಿಸಿ ಇಡೀ ಜಮಾಅತ್‌ನ ಏಕಾಗ್ರತೆಯನ್ನು ಉಳಿಸಬಹುದು.

ಕುರ್‌ಆನ್ ಫೋನಿನಲ್ಲಿರಲಿ. ಫಜ್ರ್‌ನ ನಂತರ ತೆರೆದು ಓದಲು, ಪ್ರಯಾಣದಲ್ಲಿ ಆಲಿಸಲು, ಮಕ್ಕಳಿಗೆ ಕಲಿಸಲು ಇರಲಿ. ಆದರೆ ಕರೆಗಂಟೆಯ ಸ್ಥಾನದಿಂದ ಅದನ್ನು ಇಂದೇ ತೆಗೆದಿಡಿರಿ. ಮನೆಯ ಹಿರಿಯರ ಫೋನಿನಲ್ಲಿದ್ದರೆ ವಿನಯದಿಂದ ತಿಳಿಹೇಳಿ, ನೀವೇ ಬದಲಾಯಿಸಿ ಕೊಡಿರಿ.