ಗಿರಾಕಿಯ ಮಾಹಿತಿ: ನಂಬಿಕೆಯ ಇಡುಗಂಟು

ಯುರೋಪಿನ ಒಕ್ಕೂಟವು 2018ನೆಯ ಇಸವಿಯ ಮೇ ತಾ. 25ರಿಂದ ಜಾರಿಗೆ ತಂದ ಮಾಹಿತಿ ಸಂರಕ್ಷಣೆಯ ಕಾಯದೆಗೂ ತಮಗೂ ಏನು ಸಂಬಂಧವೆಂದು ಕೇಳುವ ಉದ್ಯಮಿಗಳು ನಮ್ಮ ಅವಳಿ ನಗರದಲ್ಲಿ ಇನ್ನೂ ಇದ್ದಾರೆ. ಸಂಬಂಧವು ನಿಕಟವಾಗಿದೆ. ಅಂಗಡಿಯು ಯಾವ ದೇಶದಲ್ಲಿಯೇ ಇರಲಿ, ಯುರೋಪಿನಲ್ಲಿರುವ ಜನರಿಗೆ ಸರಕು ಮಾರಲು ಮುಂದಾದರೆ ಈ ಕಟ್ಟಳೆಯು ಅದಕ್ಕೆ ಅನ್ವಯಿಸುವದೆಂದು ಅದರ ಮೂರನೆಯ ಕಲಮು ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತು ಜರ್ಮನಿಯ ಕಂಪನಿಯ ನೌಕರರ ಪಗಾರಪಟ್ಟಿ ಸಿದ್ಧಪಡಿಸುವವನೂ ಕರಾರಿನ ಮೂಲಕ ಅದಕ್ಕೆ ಬದ್ಧನೇ.

ದಂಡವು ಸಣ್ಣದಲ್ಲ. ಗುರುತರವಾದ ಉಲ್ಲಂಘನೆಗೆ 2 ಕೋಟಿ ಯುರೋ, ಇಲ್ಲವೆ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ನೂರಕ್ಕೆ 4, ಇವೆರಡರಲ್ಲಿ ಹೆಚ್ಚಿನದರವರೆಗೆ ವಿಧಿಸಬಹುದು. ಯುರೋಪಿಯನ್ನರ ಮಾಹಿತಿಯನ್ನು ತಕ್ಕ ರಕ್ಷಣೆಯಿಲ್ಲದೆ ಅಮೇರಿಕೆಗೆ ಸಾಗಿಸಿದ್ದಕ್ಕಾಗಿ ಮೆಟಾ ಕಂಪನಿಗೆ 2023ರಲ್ಲಿ 120 ಕೋಟಿ ಯುರೋ ದಂಡ ಬಿದ್ದಿತು. 2025ರ ನವೆಂಬರದಲ್ಲಿ ಐರೋಪ್ಯ ಆಯೋಗವು ಕೆಲವು ಸಡಿಲಿಕೆಗಳನ್ನು ಸೂಚಿಸಿತೆಂಬುದು ನಿಜ. ಆದರೆ ಸೂಚನೆಯು ಕಾಯದೆಯಲ್ಲ. ಅದನ್ನು ನಂಬಿ ಕೈಕಟ್ಟಿ ಕುಳ್ಳಿರುವದು ಜಾಣತನವಲ್ಲ.

ಪರದೇಶದವರ ಕಟ್ಟಳೆಗೆ ನಾವೇಕೆ ತಲೆಬಾಗಬೇಕೆಂದು ಸ್ವಾಭಿಮಾನಿಗಳು ಕೇಳಬಹುದು. ಈ ತತ್ತ್ವವು ಪರಕೀಯವಲ್ಲವೆಂಬುದೇ ನಮ್ಮ ಉತ್ತರ. ಆಧಾರದ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹಾಯ್‌ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ ತಾ. 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಪಾರ್ಲಿಮೆಂಟು 2023ರಲ್ಲಿ ನಮ್ಮದೇ ಕಾಯದೆಯನ್ನು ಮಾಡಿತು. ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಮುದ್ದತು ಗೊತ್ತುಮಾಡಲಾಗಿದೆ. ದಂಡವು 250 ಕೋಟಿ ರೂಪಾಯಿಗಳವರೆಗೆ ಏರಬಹುದು. ಯುರೋಪಿನ ಗಿರಾಕಿಯಿಲ್ಲದ ವರ್ತಕನೂ, ಗಿರಾಕಿಗಳ ವಿವರಗಳನ್ನು ಗಣಕಯಂತ್ರದಲ್ಲಿ ಇಟ್ಟುಕೊಂಡಿದ್ದರೆ, ಇನ್ನು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ಸರಕಾರಕ್ಕೂ ಒಂದು ಮಾತನ್ನು ಹೇಳಲೇಬೇಕಾಗಿದೆ. ತನ್ನ ಇಲಾಖೆಗಳಿಗೆ ವಿನಾಯತಿ ಕೊಡುವ ವಿಶಾಲವಾದ ಅಧಿಕಾರವನ್ನು ಕೇಂದ್ರ ಸರಕಾರವು ಇದೇ ಕಾಯದೆಯಲ್ಲಿ ಇಟ್ಟುಕೊಂಡಿದೆ. ವರ್ತಕನಿಗೊಂದು ತಕ್ಕಡಿ, ದೊರೆತನಕ್ಕೊಂದು ತಕ್ಕಡಿ ಎಂಬುದು ನ್ಯಾಯವಲ್ಲ. ಇದರಿಂದ ವ್ಯಾಪಾರಕ್ಕೂ ಹಾನಿಯುಂಟು. ಮಾಹಿತಿಗೆ ತಕ್ಕಷ್ಟು ರಕ್ಷಣೆಯುಳ್ಳ ದೇಶಗಳ ಯಾದಿಯಲ್ಲಿ ಯುರೋಪು ಭಾರತವನ್ನು ಇನ್ನೂ ಸೇರಿಸಿಲ್ಲ. ಸರಕಾರದ ಕೈ ಎಷ್ಟು ದೂರ ಚಾಚಬಹುದೆಂಬುದನ್ನೂ ಆ ಪರೀಕ್ಷೆಯಲ್ಲಿ ನೋಡಲಾಗುತ್ತದೆ. ಅಲ್ಲಿಯವರೆಗೆ ನಮ್ಮ ಕಚೇರಿಗಳು ಪ್ರತಿಯೊಂದು ಕರಾರಿನಲ್ಲಿಯೂ ಬೇರೆ ಷರತ್ತುಗಳ ಹೊರೆ ಹೊರಬೇಕಾಗಿದೆ.

ನಮ್ಮ ಕಾಯದೆಯಲ್ಲಿ ಕನ್ನಡಿಗರು ಗಟ್ಟಿಯಾಗಿ ಹಿಡಿಯಬೇಕಾದ ಒಂದು ಮಾತಿದೆ. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಶಿಷ್ಟದಲ್ಲಿರುವ ಯಾವದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆಯನ್ನು ಜನರಿಗೆ ಕೊಡತಕ್ಕದ್ದು. ಕನ್ನಡವು ಆ ಪರಿಶಿಷ್ಟದಲ್ಲಿದೆ. ತಿಳಿಯದ ಭಾಷೆಯ ಕಾಗದದ ಮೇಲೆ ಪಡೆದ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯೂ ನವನಗರದ ಕಾನೂನು ವಿಶ್ವವಿದ್ಯಾಲಯವೂ ಕೂಡಿ ಸುಲಭ ಕನ್ನಡದಲ್ಲಿ ಇಂಥ ಪತ್ರಗಳ ಮಾದರಿಗಳನ್ನು ಮುದ್ದತು ಮುಗಿಯುವ ಮೊದಲೇ ಸಿದ್ಧಪಡಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಪರರ ಇಡುಗಂಟನ್ನು ಮುಟ್ಟದೆ ಕಾಯುವದು ನಮ್ಮ ಪೇಟೆಯ ಹಳೆಯ ಮರ್ಯಾದೆ. ಮಾಹಿತಿಯ ವಿಷಯದಲ್ಲಿಯೂ ಆ ಮರ್ಯಾದೆಯು ದಂಡದ ಭಯಕ್ಕಿಂತ ಮೊದಲು ಬರಲಿ.